ಬೇಡ ಎನ್ನುವ ಊರು

ನಮ್ಮೂರು ಕಾಟರ್ಸ್ ಲ್ಯಾಂಡಿಂಗ್ ಹಾಳಾದದ್ದು ಯುದ್ಧದಿಂದಲ್ಲ, ಜ್ವರದಿಂದಲ್ಲ, ಅತಿ ಮರ್ಯಾದೆಯಿಂದ. ಬೇಕಾದರೆ ನಗಿ, ನಾವೂ ನಗುತ್ತೇವೆ.

ಹತ್ತಿಗೆ ಚಿನ್ನದ ಬೆಲೆಯಿದ್ದ ಕಾಲದಲ್ಲಿ ಅಲಬಾಮಾದ ಈ ನದಿ ದಂಡೆಗೆ ದಿನಕ್ಕೆ ನಾಲ್ಕು ಹಡಗು ಬರುತ್ತಿದ್ದವಂತೆ. ದಿಬ್ಬದ ತುದಿಯಿಂದ ನೀರಿನವರೆಗೆ ಮರದ ಹಲಗೆಯ ಜಾರುದಾರಿ. ಅದರಲ್ಲಿ ಹತ್ತಿಯ ಮೂಟೆ ಉರುಳಿಸುತ್ತಿದ್ದವರು ನಮ್ಮ ಮುತ್ತಜ್ಜಂದಿರು. ಮೂಟೆಗೂ ಅವರಿಗೂ ಒಡೆಯರು ಸ್ಯಾಟರ್‌ವೈಟ್ ಮನೆಯವರು. ನಾಲ್ಕು ಅಂತಸ್ತಿನ ಹೋಟೆಲು, ಕೋರ್ಟು, ಒಂದನ್ನೊಂದು ಬಯ್ದುಕೊಳ್ಳುವ ಎರಡು ಪತ್ರಿಕೆ, ಏನಿರಲಿಲ್ಲ ಹೇಳಿ.

ಆಮೇಲೆ ಉತ್ತರದ ಕಡೆಯಿಂದ ರೈಲಿನವನೊಬ್ಬ ಬಂದು, "ನಿಮ್ಮೂರಿಗೆ ಹಳಿ ಹಾಕ್ಲಾ?" ಎಂದು ಕೇಳಿದ. ಹಿರಿಯರು, "ಅಯ್ಯೋ, ನಮಗ್ಯಾಕೆ ಸ್ವಾಮಿ ಅಷ್ಟೊಂದು ದೊಡ್ಡದು" ಎಂದರು. ನಮ್ಮಲ್ಲಿ ಮೊದಲ ಸಲ ಬೇಡ ಎನ್ನಬೇಕು, ಎರಡನೆಯ ಸಲವೂ ಬೇಡ ಎನ್ನಬೇಕು, ಮೂರನೆಯ ಸಲ 'ನೀವು ಇಷ್ಟು ಹೇಳುವಾಗ...' ಎಂದು ಒಪ್ಪಿಕೊಳ್ಳಬೇಕು. ಆ ಪುಣ್ಯಾತ್ಮನಿಗೆ ಇದನ್ನೆಲ್ಲ ಹೇಳಿಕೊಟ್ಟವರ್ಯಾರು? ಟೋಪಿ ಹಾಕಿಕೊಂಡು ಏಳು ಮೈಲಿ ಆಚೆಯ ಪ್ರಾಸ್ಪರಿಗೆ ನಡೆದ. ಅವರು ಗಬಕ್ಕನೆ ಒಪ್ಪಿಕೊಂಡರು. ಹಳಿ ಅಲ್ಲಿಗೆ ಹೋಯಿತು. ಅದರ ಬೆನ್ನಿಗೇ ಕೋರ್ಟು, ಬ್ಯಾಂಕು, ಪತ್ರಿಕೆ ಎಲ್ಲವೂ ಗಂಟುಮೂಟೆ ಕಟ್ಟಿದವು.

ಈಗ ಉಳಿದಿರುವವರು ಹತ್ತೊಂಬತ್ತು ಜನ. ನಾನು ವರ್ನೆಲ್ ಟಬ್ಸ್, ಎಪ್ಪತ್ತೊಂದು ವರ್ಷ, ಊರ ಕಚೇರಿಯ ಗುಮಾಸ್ತೆ. ನಮ್ಮ ಮೇಲೆ ಕನಿಕರ ಪಡಬೇಡಿ, ಸುಖವಾಗಿದ್ದೇವೆ. ಸಂಜೆ ದಿಬ್ಬದ ಮೇಲೆ ಮೀನು ಹುರಿಯುತ್ತೇವೆ, ಪ್ರಾಸ್ಪರಿನವರನ್ನು ಆಡಿಕೊಳ್ಳುತ್ತೇವೆ, ಗಾಳಿಗೆ ಮೈಯೊಡ್ಡಿ ಕೂರುತ್ತೇವೆ.

ಈ ಆಗಸ್ಟಿನಲ್ಲಿ ಮಾತ್ರ ತೊಂದರೆಯಾಯಿತು. ಇಪ್ಪತ್ತನಾಲ್ಕು ವರ್ಷ ಮೇಯರ್ ಆಗಿದ್ದ ಲಾಮಾರ್ ಸ್ಯಾಟರ್‌ವೈಟ್, ಸೊಂಟ ಹಿಡಿದುಕೊಂಡಿದೆ, ಇನ್ನು ಚುನಾವಣೆಗೆ ನಿಲ್ಲಲಾರೆ ಎಂದುಬಿಟ್ಟರು. ಜೊತೆಗೇ ಸರ್ಕಾರದ ಕಾಗದ ಬಂತು. ಮಂಗಳವಾರ ಮಧ್ಯಾಹ್ನ ಹನ್ನೆರಡರೊಳಗೆ ಒಬ್ಬರಾದರೂ ಮೇಯರ್ ಸ್ಥಾನಕ್ಕೆ ಅರ್ಜಿ ಹಾಕದಿದ್ದರೆ ಊರುಗಳ ಪಟ್ಟಿಯಿಂದ ನಮ್ಮ ಹೆಸರು ತೆಗೆದು ಪ್ರಾಸ್ಪರಿಗೆ ಸೇರಿಸುತ್ತಾರಂತೆ. ಪ್ರಾಸ್ಪರಿಗೆ!

ಈ ಊರಿನ ಹಣೆಬರಹ ನೋಡಿ. ನಮ್ಮ ಕರಿಯರಿಗೆ ಮತ ಹಾಕಲು ಬಿಡುವಷ್ಟರಲ್ಲಿ ಊರೇ ಖಾಲಿಯಾಗಿತ್ತು. ಆದರೂ ಸಾವಿರದ ಒಂಬೈನೂರ ಅರವತ್ತಾರರಲ್ಲಿ ನಮ್ಮಮ್ಮ ಚರ್ಚಿಗೆ ಹಾಕುವ ಹಳದಿ ಟೋಪಿ ತೊಟ್ಟು ಹೋಗಿ, ನಲವತ್ತೊಂದನೆಯ ವಯಸ್ಸಿನಲ್ಲಿ ಮೊದಲ ಮತ ಹಾಕಿದಳು. ಅಂಥ ಊರನ್ನು ಒಂದು ಕಾಗದಕ್ಕೆ ಹೆದರಿ ಬಿಟ್ಟುಕೊಡಲೇ?

ಮೇಯರ್ ಆಗುವ ಆಸೆ ನನಗೇ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಯಾರೂ ಕೇಳದೆ ನಾನೇ ನಿಲ್ಲುತ್ತೇನೆ ಎನ್ನುವುದು ನಮ್ಮಲ್ಲಿ ಕರೆಯದ ಊಟಕ್ಕೆ ತಟ್ಟೆ ಹಿಡಿದು ಹೋದ ಹಾಗೆ. ಅದಕ್ಕೇ ಅರ್ಜಿ ಹಿಡಿದು ಎಲ್ಲರನ್ನೂ ಕೇಳುತ್ತ ಹೋದೆ. ಯಾರಾದರೂ 'ನೀವೇ ಯಾಕಾಗಬಾರದು?' ಎಂದು ಕೇಳಿಯೇ ಕೇಳುತ್ತಾರೆಂದು ನನ್ನ ಲೆಕ್ಕಾಚಾರ.

ಬಿಳಿಯರ ಚರ್ಚಿನ ಸೂರು ಕುಸಿದ ಮೇಲೆ ಎಲ್ಲರೂ ಬರುವುದು ನಮ್ಮ ಚರ್ಚಿಗೇ. ಭಾನುವಾರ ಪ್ರಾರ್ಥನೆ ಮುಗಿದು ಮರದಡಿ ಊಟಕ್ಕೆ ಕೂತಿದ್ದಾಗ, ಹಿಂದೆ ದೋಣಿ ನಡೆಸುತ್ತಿದ್ದ ಹೊಸೆಯಾನನ್ನು ಹಿಡಿದೆ.

"ನೀನು ನಿಲ್ಲಪ್ಪಾ."

"ಅಯ್ಯೋ ಅಕ್ಕಾ, ನನ್ನ ಮಾತನ್ನ ನಮ್ಮನೆ ನಾಯೀನೇ ಕೇಳಲ್ಲ. ಊರು ಕೇಳತ್ತಾ?"

"ನಾಯಿಗೆ ಮತ ಇಲ್ಲ ಬಿಡು."

"ಇದ್ದಿದ್ರೂ ಅದು ನಂಗೆ ಹಾಕ್ತಿರ್ಲಿಲ್ಲ."

ಪಕ್ಕದಲ್ಲಿ ಲಾಮಾರ್ ಅವರ ಚಿಕ್ಕಪ್ಪನ ಮಗಳು ಯೂಲಲಿ ಕೂತಿದ್ದರು. ಎಂಬತ್ತಮೂರು ವರ್ಷದವರು. "ನಾಲ್ಕು ವರ್ಷದ ಕೆಲಸಾನಾ? ಹೊಸ ಕ್ಯಾಲೆಂಡರ್ ತರೋದಕ್ಕೇ ನಾನು ಯೋಚ್ನೆ ಮಾಡ್ತೀನಿ ಕಣಮ್ಮಾ" ಎಂದು ನಕ್ಕು, ನನ್ನ ತಟ್ಟೆಗೆ ಇನ್ನೊಂದು ತುಂಡು ಕೋಳಿ ಹಾಕಿದರು. ಹೀಗೇ ಎಲ್ಲರೂ ಬೇಡ ಎಂದರು, ಎಲ್ಲರೂ ನನಗೆ ಬಡಿಸಿದರು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಹೊಟ್ಟೆ ತುಂಬಿತ್ತು, ಹೊಟ್ಟೆ ಉರಿಯುತ್ತಲೂ ಇತ್ತು.

ಮಂಗಳವಾರ ಹನ್ನೊಂದೂ ಮುಕ್ಕಾಲಿಗೆ ಲಾಮಾರ್ ಕೋಲೂರಿಕೊಂಡು ಕಚೇರಿಗೆ ಬಂದರು. ಎದುರಿನ ಕುರ್ಚಿಯಲ್ಲಿ ನಿಧಾನಕ್ಕೆ ಕೂತರು.

"ಯಾರೂ ಅರ್ಜಿ ಹಾಕಿಲ್ವಾ?"

"ಇಲ್ಲ."

"ಹೊಸೆಯಾ?"

"ಅವನ ನಾಯಿ ಒಪ್ಪಲಿಲ್ಲ."

ಅವರು ನಗಲಿಲ್ಲ. ಗಡಿಯಾರ ನೋಡಿದರು, ಟೋಪಿ ತಿರುಗಿಸಿದರು, ಮತ್ತೆ ಗಡಿಯಾರ ನೋಡಿದರು. ನನಗೆ ತಡೆಯಲಾಗಲಿಲ್ಲ.

"ನಾನೇನು ನಿಮ್ಮ ಕಣ್ಣಿಗೆ ಕಾಣಲ್ವೇನ್ರೀ? ಮೂವತ್ತು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತಿದೀನಿ. ಒಬ್ರಾದ್ರೂ 'ನೀವು ನಿಲ್ಲಿ' ಅಂದ್ರಾ?"

ಅವರ ಮುಖ ಕೆಂಪಾಯಿತು. "ಕೇಳೋಣ ಅಂತ ಎಲ್ರೂ ಅಂದ್ರು, ಮಿಸ್ ವರ್ನೆಲ್. ಹೋದ ವಾರಾನೇ ಅಂದ್ರು. ನಾನೇ ತಡೆದೆ."

"ಓಹೋ! ಯಾಕೆ, ನನಗೆ ಯೋಗ್ಯತೆ ಇಲ್ವಾ?"

"ಛೇ, ಛೇ!" ಲಾಮಾರ್ ನೆಲ ನೋಡುತ್ತ ಹೇಳಿದರು. "ನಿಮ್ಮ ಹಿರೀಕರು ನಮ್ಮ ಹತ್ತಿ ಹೊತ್ರು. ನಿಮ್ಮಮ್ಮ ನಮ್ಮನೆ ಬಟ್ಟೆ ಒಗೆದ್ರು, ನನ್ನ ಅಂಗಿ ಕೂಡ. ಎಲ್ಲ ತಿಂದು ತೇಗಿದ್ಮೇಲೆ ಈಗ ಈ ಮುರುಕಲು ಊರನ್ನೂ ನೀವೇ ಹೊರಿ ಅಂತ ಯಾವ ಮುಖ ಇಟ್ಕೊಂಡು ಕೇಳ್ಲಿ?"

ಆ ಮನೆಯವರ ಬಾಯಿಂದ ಇಂಥ ಮಾತು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕಣ್ಣು ತುಂಬಿತು. ಅದರ ಜೊತೆಗೇ ಸಿಟ್ಟೂ ಬಂತು.

"ಹೊರೋದಕ್ಕೆ ನಮ್ಮನ್ನ ಯಾರೂ ಯಾವತ್ತೂ ಕೇಳಿಲ್ಲ, ಲಾಮಾರ್. ಹೊರಿಸಿದ್ರು, ಹೊತ್ವಿ. ಕೇಳೋದು ಅಂದ್ರೆ ಬೇರೆ. ಒಂದ್ಸಲ ಕೇಳಿ ನೋಡಿ."

ಅವರು ಕೋಲೂರಿ, ನೋವಿಗೆ ಹಲ್ಲು ಕಚ್ಚಿ ಎದ್ದು ನಿಂತರು. ಟೋಪಿಯನ್ನು ಎದೆಗೆ ಹಿಡಿದುಕೊಂಡರು.

"ಮಿಸ್ ವರ್ನೆಲ್, ನಮ್ಮೂರಿಗೆ ಮೇಯರ್ ಆಗ್ತೀರಾ?"

"ಹೂಂ, ಆಗ್ತೀನಿ."

ಅವರು ಎರಡನೆಯ ಸಲ ಕೇಳಲು ತೆರೆದ ಬಾಯಿ ಹಾಗೇ ಉಳಿಯಿತು. "ಅಷ್ಟೇನಾ?"

"ಅಷ್ಟೇ. ಪೆನ್ನು ಕೊಡಿ, ಇನ್ನು ಐದೇ ನಿಮಿಷ ಇದೆ."