ಟೀಚರ್ ಕೊಟ್ಟ ರ‍್ಯಾಂಕು

ರಸ್ತೆಯ ಉಬ್ಬು ಹತ್ತು ಮಾರು ದೂರವಿರುವಾಗಲೇ "ಹಂಪ್ ಬಂತು, ಹಿಡ್ಕೊಳ್ಳಿ" ಎಂದು ಸಾರುವುದು ಹಾಲೇಶನ ಪದ್ಧತಿ. ಹಿಂದಿನ ಸೀಟು ಖಾಲಿಯಿದ್ದಾಗಲೂ ಆತ ಹಾಗೆ ಸಾರಿದ್ದನ್ನು ಕೇಳಿದವರಿದ್ದಾರೆ. ಐವತ್ತು ದಾಟಿದ ದೇಹ, ಕತ್ತಿನ ಗುಂಡಿಯವರೆಗೂ ಹಾಕಿದ ಖಾಕಿ ಅಂಗಿ, ಬಲಕ್ಕೆ ತುಸು ವಾಲಿದ ನಡಿಗೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷ ಲೇತಿನ ಮುಂದೆ ನಿಂತು, ಅದು ಬಾಗಿಲು ಹಾಕಿದ ಮೇಲೆ ಶಿವಮೊಗ್ಗದಲ್ಲಿ ಆ್ಯಪ್ ಆಟೋ ಹಿಡಿದವನು. ಅಷ್ಟು ವರ್ಷಗಳಲ್ಲಿ ತನ್ನ ಕೆಲಸ ಚೆನ್ನಾಗಿದೆ ಎಂದವರು ಒಬ್ಬರೂ ಇರಲಿಲ್ಲವೆಂದು ಅವನೇ ನಗುತ್ತ ಹೇಳುತ್ತಾನೆ. ಕೇಳಿದವರಿಗೆ ನಗು ಬರುವುದಿಲ್ಲ.

ಕೊನೆಗೂ ಚೆನ್ನಾಗಿದೆ ಎಂದವರು ನವುಲೆಯ ವಿಶಾಲಮ್ಮ ಟೀಚರ್. ಮಂಡಿ ಆಪರೇಷನ್ ಆದ ಅವರು ವ್ಯಾಯಾಮಕ್ಕೆಂದು ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಬೇಕಿತ್ತು. ಬುಕಿಂಗ್ ತನಗೇ ಬರಲೆಂದು ಹಾಲೇಶ ಆ ಹೊತ್ತಿಗೆ ಅವರ ಬೀದಿಯಲ್ಲೇ ಠಳಾಯಿಸುತ್ತಿದ್ದ. ಇಳಿದ ಮೇಲೆ ಅವರು ಕನ್ನಡಕ ಏರಿಸಿ, ಫೋನಿನಲ್ಲಿ ಮೂಡಿದ ಐದು ನಕ್ಷತ್ರಗಳಲ್ಲಿ ಮೊದಲನೆಯದನ್ನು ಮಾತ್ರ ಒತ್ತಿ, "ಫಸ್ಟ್ ರ‍್ಯಾಂಕ್ ಕೊಟ್ಟಿದೀನಿ ಕಣಪ್ಪ. ಐದನೇದು ಕೊಡೋಕೆ ನೀನೇನು ದಡ್ಡನಾ?" ಎನ್ನುತ್ತಿದ್ದರು. ಮೂವತ್ತೈದು ವರ್ಷ ಮಕ್ಕಳಿಗೆ ರ‍್ಯಾಂಕು ಹಂಚಿದ ಕೈಗೆ ಒಂದೆಂದರೆ ಎಲ್ಲಕ್ಕೂ ಮೇಲು. ಆ್ಯಪಿಗೆ ಒಂದೆಂದರೆ ಕಟ್ಟಕಡೆ. ಉಳಿದ ಪ್ರಯಾಣಿಕರು ಏನನ್ನೂ ಒತ್ತದೆ ಹೋಗುವವರಾದ್ದರಿಂದ ಹಾಲೇಶನ ಅಂಕ ಇಳಿಯುತ್ತ ಹೋಗಿ, ಇನ್ನೂ ಇಳಿದರೆ ಬಾಡಿಗೆ ನಿಲ್ಲಿಸುತ್ತೇವೆಂಬ ಎಚ್ಚರಿಕೆಯೂ ಬಂತು.

"ಅವರಿಗೆ ಹೇಳ್ಬಾರ್ದೇನ್ರೀ, ಅನ್ನ ಹೋಗುತ್ತೆ" ಎಂದಳು ಹೆಂಡತಿ ಪುಷ್ಪಾ.

"ಟೀಚರಿಗೇ ತಪ್ಪು ಅನ್ನೋದಾ? ನಾನು ಫಸ್ಟ್ ಬಂದಿದ್ದೇ ಇದೊಂದು ಸಲ ಮಾರಾಯ್ತಿ."

ಹುಚ್ಚು ಅನ್ನಿ. ಆ ಹುಚ್ಚಿನ ಮೇಲೆ ನನಗೆ ಮಮತೆಯಿದೆ.

ಒಂದು ಸೋಮವಾರ ಆ್ಯಪ್ ಅವನನ್ನು ಏಳು ದಿನ ಹೊರಗಿಟ್ಟಿತು. ಅವನು ಬುಕಿಂಗಿನ ಗೊಡವೆಯಿಲ್ಲದೆ ಟೀಚರನ್ನು ಕರೆದೊಯ್ದ. ಆಸ್ಪತ್ರೆಯ ಬಾಗಿಲಲ್ಲಿ ಅವರು ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಕ್ಷತ್ರಾನೇ ಬರ್ತಿಲ್ವಲ್ಲಪ್ಪ, ಎಲ್ಲಿ ಒತ್ತಲಿ?"

"ಬಾಯಲ್ಲೇ ಹೇಳಿ ಟೀಚರ್, ಸಾಕು."

ಅವರು ಹೇಳಿದರು. ಹಾಲೇಶ ಕೈಕಟ್ಟಿ ನಿಂತು ಕೇಳಿಸಿಕೊಂಡ.

ಆಟೋ ಓಡಿಸುವವರಿಗೆ ತೃಪ್ತಿ ಯಾವುದರಿಂದ ಎಂದು ಓದಿದ ಮಂದಿ ವಿಚಾರಿಸುತ್ತಿರುತ್ತಾರೆ. ಹೊಟ್ಟೆಗೆ ಬೇಕು, ಅದು ಮೊದಲು. ಹೊಗಳಿಕೆಯನ್ನು ಬೇಯಿಸಿ ಉಣ್ಣಲಾಗದು. ಆದರೆ ತಮ್ಮ ಕೆಲಸವನ್ನು ಕಂಡು, ಮುಖ ನೋಡಿ ಮೆಚ್ಚಿದ ಒಬ್ಬರ ಮನಸ್ಸು ನೋಯದಿರಲೆಂದು ಆ ಹೊಟ್ಟೆಯ ಪಾಡನ್ನೇ ಪಣಕ್ಕಿಡುವ ಮಂದಿಯೂ ಇದ್ದಾರೆ. ಯಾವ ಆ್ಯಪಿನ ಲೆಕ್ಕಕ್ಕೂ ಅವರು ಪಾಸಾಗುವುದಿಲ್ಲ.