ಪ್ರಾಗ್‌ನಲ್ಲಿ ದಶಮಿ

ನಮ್ಮ ಮಾವ ದ್ವಾರಕಾನಾಥರಿಗೆ ಎಲ್ಲಿಗೆ ಹೋಗುವುದಿದ್ದರೂ ಮುಂಚೆ ಹೋಗಿ ಕೂರಬೇಕು. ಮೈಸೂರಿನಲ್ಲಿದ್ದಾಗ ರಾತ್ರಿಯ ರೈಲಿಗೆ ಮಧ್ಯಾಹ್ನವೇ ಪ್ಲಾಟ್‌ಫಾರಂ ಸೇರುತ್ತಿದ್ದರಂತೆ. ಅಮೆರಿಕದ ಶಾಮ್‌ಬರ್ಗಿನ ನಮ್ಮ ಮನೆಗೆ ಬಂದ ಮೇಲೂ ಅಷ್ಟೆ. ಹತ್ತು ಗಂಟೆಗೆ ಡಾಕ್ಟರನ್ನು ನೋಡಬೇಕೆಂದರೆ ಎಂಟಕ್ಕೇ ಶೂ ಹಾಕಿಕೊಂಡು ಸೋಫಾದ ಅಂಚಿನಲ್ಲಿ ಕೂತು ನನ್ನ ಪ್ರಾಣ ಹಿಂಡುತ್ತಿದ್ದರು. ಮೂವತ್ತು ವರ್ಷ ಗಡಿಯಾರದ ಕಾರ್ಖಾನೆಯಲ್ಲಿ ದುಡಿದವರು, ತಮ್ಮ ಕೈಗಡಿಯಾರವನ್ನು ಮಾತ್ರ ಹತ್ತು ನಿಮಿಷ ಮುಂದಿಟ್ಟುಕೊಂಡೇ ಬಾಳಿದರು. ಅದೂ ಮೈಸೂರಿನ ಸಮಯಕ್ಕೆ ಹತ್ತು ನಿಮಿಷ ಮುಂದೆ. ಅಮೆರಿಕಕ್ಕೆ ಬಂದು ನಾಲ್ಕು ವರ್ಷವಾದರೂ ಅದರ ಮುಳ್ಳನ್ನು ಇಲ್ಲಿಯ ಸಮಯಕ್ಕೆ ತಿರುಗಿಸಲಿಲ್ಲ.

ಅವರಿಗಿದ್ದದ್ದು ಒಂದೇ ಆಸೆ. ಪ್ರಾಗ್ ನಗರದಲ್ಲಿ ಆರುನೂರು ವರ್ಷ ಹಳೆಯ ಗಡಿಯಾರವೊಂದಿದೆಯಲ್ಲ, ಸೂರ್ಯ, ಚಂದ್ರ, ರಾಶಿ ಎಲ್ಲವನ್ನೂ ತೋರಿಸುವಂಥದ್ದು, ಅದನ್ನು ನೋಡಬೇಕು. ಅದರ ಚಿತ್ರವನ್ನು ಯಾವುದೋ ಪತ್ರಿಕೆಯಿಂದ ಕತ್ತರಿಸಿ ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದರು. ನನ್ನ ಗಂಡ ಅಕ್ಷೋಭ್ಯ ಎರಡು ಸಾವಿರದ ಎಂಟರ ಅಕ್ಟೋಬರಿಗೆ ಐದು ಜನಕ್ಕೂ ಟಿಕೆಟ್ ತೆಗೆಸಿದ. ಸೆಪ್ಟೆಂಬರಿನ ಒಂದು ಮಂಗಳವಾರ, ಸಂಜೆ ಎಂಟು ಗಂಟೆಗೆ, ಮಾವ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗಲೂ ಅವಸರವೇ.

ವಿಮಾನದವರು, ಒಂದು ವರ್ಷದೊಳಗೆ ಹೋಗುವುದಾದರೆ ಅದೇ ಟಿಕೆಟ್ ನಡೆಯುತ್ತದೆ, ಇಲ್ಲವಾದರೆ ಅಷ್ಟೂ ಹೋಯಿತು ಎಂದರು. ಅಷ್ಟರಲ್ಲಿ ಎಲ್ಲರ ಕೆಲಸಗಳೂ ಉದುರುವ ಕಾಲ ಬಂತು. ಮೇ ತಿಂಗಳಲ್ಲಿ ಅಕ್ಷೋಭ್ಯನದೂ ಹೋಯಿತು. ದಿನಾ ಬೆಳಗ್ಗೆ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಡೈನಿಂಗ್ ಟೇಬಲ್ಲಿನ ಮುಂದೆ ಕೂತು ಅಪ್ಲೈ ಮಾಡುತ್ತಿದ್ದ. ಕೇಳಿದರೆ ಮಾತು, ಕೇಳದಿದ್ದರೆ ಅದೂ ಇಲ್ಲ.

ಆ ಬೇಸಗೆಯಲ್ಲಿ ಒಂದು ದಿನ ನಮ್ಮ ಅತ್ತೆ ಅಂಬುಜಾ ಅಡುಗೆಮನೆಗೆ ಬಂದು, "ಅನು, ವರ್ಷಾಬ್ದಿಕಕ್ಕೆ ಒಂದು ವಾರ ಮುಂಚೆನೇ ಹೋಗಿ ಬರೋಕಾಗಲ್ವೇನಮ್ಮ?" ಎಂದರು. ಮಾವನ ಮೊದಲ ವರ್ಷದ ಶ್ರಾದ್ಧ ಭಾದ್ರಪದ ನವಮಿಗೆ, ಆಗಸ್ಟ್ ಕೊನೆಯ ಶುಕ್ರವಾರ. ಶನಿವಾರದ ವಿಮಾನವನ್ನು ನಾನೇ ಹುಡುಕಿ ಹಿಡಿದಿದ್ದೆ.

"ಈಗ ಬದಲಾಯಿಸೋಕೆ ಆಗಲ್ಲ ಅತ್ತೆ. ಇರೋ ತಲೆನೋವೇ ಸಾಕಾಗಿದೆ," ಎಂದೆ. ನನ್ನ ಬಾಯಿ ಸ್ವಲ್ಪ ಹರಿತ. ಅವರು ಮತ್ತೆ ಕೇಳಲಿಲ್ಲ.

ಶುಕ್ರವಾರ ಮನೆಯಲ್ಲೇ ಪುರೋಹಿತರನ್ನು ಕರೆಸಿ ಶ್ರಾದ್ಧ ಮಾಡಿದೆವು. ಡೆವನ್ ಅವೆನ್ಯೂದ ಇಂಡಿಯನ್ ಅಂಗಡಿಯಿಂದ ತಂದ ಕರಿ ಎಳ್ಳಿನಲ್ಲಿ ಒಂದಿಷ್ಟು ಉಳಿದಿತ್ತು. ಅದನ್ನು ಅತ್ತೆ ಪೊಟ್ಟಣ ಕಟ್ಟಿ ಪರ್ಸಿನಲ್ಲಿಟ್ಟುಕೊಂಡರು. ಏರ್‌ಪೋರ್ಟಿನಲ್ಲಿ ಹಿಡಿದರೆ ಯಾರು ಉತ್ತರ ಹೇಳುವುದು ಎಂದು ಅದಕ್ಕೂ ಗೊಣಗಿದೆ.

ವಿಮಾನದಲ್ಲಿ ಅತ್ತೆ ಏನನ್ನೂ ಮುಟ್ಟಲಿಲ್ಲ. ಮಾವನ ಗಡಿಯಾರ ಅವರ ಮಣಿಕಟ್ಟಿನಲ್ಲಿ ಬಳೆಯ ಹಾಗೆ ಜಾರುತ್ತಿತ್ತು. ದಿನಾ ಬೆಳಗ್ಗೆ ಅದಕ್ಕೆ ಕೀ ಕೊಡುವುದು ಅವರ ಕೆಲಸ. ಒಂದು ವಾರ ಮುಂಚೆ ಯಾಕೆ ಕೇಳಿದಿರಿ ಎಂದೆ, ಹಾಗೇ ಸುಮ್ಮನೆ.

"ಹೋದವರು ಒಂದು ವರ್ಷ ದಾರೀಲಿರ್ತಾರಂತೆ ಕಣಮ್ಮ," ಎಂದರು. "ವರ್ಷಾಬ್ದಿಕ ಆದ್ಮೇಲೆ ಹಿರಿಯರ ಜೊತೆ ಸೇರ್ಕೊಂಡುಬಿಡ್ತಾರೆ. ದಾರೀಲಿದ್ದಾಗಲೇ ಬಂದಿದ್ರೆ ಅವರೂ ಹಾಗೇ ಆ ಗಡಿಯಾರ ನೋಡ್ಕೊಂಡು ಹೋಗ್ತಿದ್ರೇನೋ ಅಂತ. ಇರಲಿ ಬಿಡು. ನಿನ್ನೆ ಮುಗೀತಲ್ಲ."

ಆ ಒಂದು ವಾರವನ್ನು ನಾನು ತಲೆನೋವು ಎಂದಿದ್ದೆ. ಕಿಟಕಿಯ ಕಡೆ ಮುಖ ತಿರುಗಿಸಿ ಮಲಗಿದವಳ ಹಾಗೆ ನಟಿಸಿದೆ.

ಭಾನುವಾರ ಪ್ರಾಗ್ ಸೇರಿ, ಹೋಟೆಲಿನಲ್ಲಿ ಸ್ನಾನ ಮಾಡಿ, ಗಡಿಯಾರದ ಚೌಕಕ್ಕೆ ಬರುವಾಗ ಒಂದೂ ನಲವತ್ತು. ಎರಡು ಗಂಟೆಗೆ ಅದು ಹೊಡೆಯುವುದು. ಜನ ಆಗಲೇ ಕತ್ತೆತ್ತಿ ನಿಂತಿದ್ದರು. ಕಲ್ಲಿನ ಗೋಪುರ, ಅದರ ಮೈಮೇಲೆ ನೀಲಿ, ಕಿತ್ತಳೆ ಬಣ್ಣದ ದೊಡ್ಡ ಚಕ್ರ, ಚಿನ್ನದ ಬಣ್ಣದ ಮುಳ್ಳುಗಳು. ಬೀರುವಿನ ಬಾಗಿಲಲ್ಲಿ ಅಂಗೈಯಗಲ ಇದ್ದದ್ದು ಇಲ್ಲಿ ಇಷ್ಟು ದೊಡ್ಡದಾಗಿ ನಿಂತಿರುವುದನ್ನು ಕಂಡು ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

ನಮ್ಮ ಮಗಳು ಮಾನ್ಯಾಗೆ ಹತ್ತು ವರ್ಷ. ಕಾಯುವ ಬೇಜಾರಿಗೆ ಅಜ್ಜಿಯ ಮಣಿಕಟ್ಟು ಹಿಡಿದು ಲೆಕ್ಕ ಹಾಕತೊಡಗಿದಳು. ಇಲ್ಲಿ ಒಂದೂ ನಲವತ್ತು, ಶಾಮ್‌ಬರ್ಗಿನಲ್ಲಿ ಬೆಳಗ್ಗೆ ಆರೂ ನಲವತ್ತು, ತಾತನ ವಾಚಿನಲ್ಲಿ ಐದೂ ಇಪ್ಪತ್ತು, ಹತ್ತು ನಿಮಿಷ ಕಳೆದರೆ ಮೈಸೂರಿನಲ್ಲಿ ಐದೂ ಹತ್ತು.

"ಅವತ್ತು ಹಾಸ್ಪಿಟಲ್‌ನಲ್ಲಿ ನರ್ಸ್ ಈ ವಾಚ್ ನಂಗೇ ಕೊಟ್ಟಿದ್ದು," ಎಂದಳು. "ಇಟ್ ಸೆಡ್ ಸಿಕ್ಸ್ ಫಾರ್ಟಿ. ಬಟ್ ಇಟ್ ವಾಸ್ ಡಾರ್ಕ್ ಔಟ್‌ಸೈಡ್." ಸ್ವಲ್ಪ ಯೋಚಿಸಿ ಮುಂದುವರಿಸಿದಳು. "ಸೋ ಇಟ್ ವಾಸ್ ಮಾರ್ನಿಂಗ್ ಇನ್ ಮೈಸೂರು. ಇಟ್ ವಾಸ್ ಆಲ್ರೆಡಿ ವೆಡ್ನೆಸ್‌ಡೇ."

ಅತ್ತೆ ಗಡಿಯಾರದಿಂದ ಕಣ್ಣು ಕೆಳಗಿಳಿಸಿದರು.

"ಅನು, ತಿಥಿ ಕೇಳೋಕೆ ಮೈಸೂರಿನ ಪುರೋಹಿತರಿಗೆ ಫೋನ್ ಮಾಡಿದಾಗ ನೀನು ಏನಂತ ಹೇಳ್ದೆ?"

"ಮಂಗಳವಾರ ಅಂತ."

"ಅಮೆರಿಕದ ಮಂಗಳವಾರ ಅಂದ್ಯಾ?"

ನಾನು ಅಂದಿರಲಿಲ್ಲ. ಅಷ್ಟು ಜನ ಮನೆ ತುಂಬಿರುವಾಗ, ಅಳುತ್ತ, ಬರೀ ಮಂಗಳವಾರ ಎಂದಿದ್ದೆ. ಅವರು ಅಲ್ಲಿಯ ಪಂಚಾಂಗದಲ್ಲಿ ಮಂಗಳವಾರದ ಸಾಲು ನೋಡಿ ನವಮಿ ಎಂದರು. ಆದರೆ ಮಾವನ ಉಸಿರು ನಿಂತ ಹೊತ್ತಿಗೆ ಮೈಸೂರಿನಲ್ಲಿ ಬುಧವಾರದ ಬೆಳಗಾಗಿತ್ತು. ಬುಧವಾರ ದಶಮಿ. ಶಾಮ್‌ಬರ್ಗಿನ ಪುರೋಹಿತರಿಗೂ ನಾವು ನವಮಿ ಎಂದೇ ಹೇಳಿದೆವು. ಪ್ರತಿ ತಿಂಗಳ ಮಾಸಿಕವೂ ನವಮಿಗೆ, ಮೊನ್ನೆಯ ವರ್ಷಾಬ್ದಿಕವೂ ನವಮಿಗೆ. ಇಡೀ ವರ್ಷ ತಿಥಿಯ ಹಿಂದಿನ ದಿನವೇ ಎಲೆ ಹಾಕಿದ್ದೆವು.

"ತಪ್ಪಾಯ್ತು ಅತ್ತೆ," ಎಂದೆ. ಅತ್ತೆ ಮಗನ ಕಡೆ ತಿರುಗಿದರು.

"ವರ್ಷವೆಲ್ಲ ಉಪವಾಸ ಇಟ್ವೇನೋ ಅಕ್ಷೋಭ್ಯ, ಅಪ್ಪನ್ನ?"

"ಇಲ್ಲಮ್ಮ," ಎಂದ ಅಕ್ಷೋಭ್ಯ. "ಮದುವೆಮನೇಲಿ ಎಲೆ ಹಾಕೋಕೆ ಮುಂಚೆನೇ ಪಂಕ್ತೀಲಿ ಹೋಗಿ ಕೂತ್ಕೊಳ್ಳೋರು ಅಪ್ಪ. ಒಂದು ದಿನ ಮುಂಚೆ ಅಂದ್ರೆ ಅವರಿಗೆ ಸರಿಯಾದ ಹೊತ್ತೇ. ಹಿಂದಿನ ದಿನ ಬಂದೇ ಊಟ ಮಾಡ್ಕೊಂಡು ಹೋಗಿರ್ತಾರೆ."

ಮೂರು ತಿಂಗಳಲ್ಲಿ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಅತ್ತೆ ಅಳುತ್ತಳುತ್ತಲೇ ನಕ್ಕರು. ನಾನು ಮೊಬೈಲಿನಲ್ಲಿದ್ದ ಪಂಚಾಂಗ ತೆರೆದು ಎರಡು ಸಲ ನೋಡಿ, ಈ ಸಲ ಯಾವ ಊರಿನದು ಎಂದು ಮೂರನೆಯ ಸಲವೂ ನೋಡಿ ಹೇಳಿದೆ.

"ಅತ್ತೆ, ಈ ಸಲ ನವಮಿ ಎರಡು ದಿನ ಹಿಡಿದಿದೆ. ದಶಮಿ ಇವತ್ತೇ. ಇಲ್ಲೂ ಇವತ್ತೇ."

ಅವರು ನನ್ನನ್ನು ನೋಡಿದರು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ವರ್ಷ ಮುಗಿದಿರಲಿಲ್ಲ. ಮಾವ ಇನ್ನೂ ದಾರಿಯಲ್ಲಿದ್ದರು.

"ಎಳ್ಳಿದೆ," ಎಂದು ಅತ್ತೆ ಪರ್ಸು ಮುಟ್ಟಿ ನೋಡಿಕೊಂಡರು. "ನದೀನೂ ಇದೆ. ತರ್ಪಣ ಬಿಡು ಮಗು, ಸಾಕು."

"ನಾನು ವಿಮಾನದಲ್ಲಿ ತಿಂದುಬಿಟ್ಟಿದೀನಮ್ಮ."

"ಗೊತ್ತಿಲ್ದೆ ತಿಂದಿದ್ದು. ಅವರೇನೂ ಅಂದ್ಕೊಳ್ಳಲ್ಲ." ಏಕಾದಶಿಯಂದು ನೀರು ಕುಡಿಯಲೂ ಯೋಚಿಸುವ ನಮ್ಮ ಅತ್ತೆ ಆಡಿದ ಮಾತು ಇದು. ಅಕ್ಷೋಭ್ಯ ಹೊರಡಲು ತಿರುಗಿದಾಗ ಅವನ ತೋಳು ಹಿಡಿದರು. "ತಡಿ. ಮೊದಲು ನೋಡ್ಲಿ."

ಎರಡು ಗಂಟೆ ಹೊಡೆಯಿತು. ಗಡಿಯಾರದ ಪಕ್ಕದಲ್ಲಿದ್ದ ಅಸ್ಥಿಪಂಜರದ ಬೊಂಬೆ ಹಗ್ಗ ಎಳೆದು ಗಂಟೆ ಬಾರಿಸಿತು. ಮೇಲೆ ಎರಡು ಪುಟ್ಟ ಕಿಟಕಿಗಳು ತೆರೆದು ಸಂತರ ಬೊಂಬೆಗಳು ಒಂದೊಂದಾಗಿ ಇಣುಕಿ ಸರಿದುಹೋದವು. ಕೊನೆಗೆ ಚಿನ್ನದ ಬಣ್ಣದ ಕೋಳಿ ಒಂದು ಸಲ ಕೂಗಿತು. ಅಷ್ಟು ಜನಸಂದಣಿಯಲ್ಲೂ ಅತ್ತೆ ತಮ್ಮ ಬಲಗಡೆಗೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟುಕೊಂಡು, ಯಾರೂ ನುಗ್ಗದಂತೆ ಪರ್ಸನ್ನು ಅಡ್ಡ ಹಿಡಿದಿದ್ದರು. ನನಗೆ ಮಾವನ ಮೇಲೆ, ಅವರ ಆ ಸೋಫಾದ ಅಂಚಿನ ಮೇಲೆ, ಹೇಳಲಾಗದಷ್ಟು ಪ್ರೀತಿ ಬಂತು.

ಜನ ಚದುರಿದರು. ಅಕ್ಷೋಭ್ಯ, "ಹೋಗೋಣ್ವಾ ಅಮ್ಮ, ನದಿಗೆ?" ಎಂದ.

"ಮೂರು ಗಂಟೇದು ಇನ್ನೊಂದ್ಸಲ ನೋಡೋಣ," ಎಂದರು ಅತ್ತೆ.

ಮೂರೂ ಹೊಡೆಯಿತು. ಅದೇ ಬೊಂಬೆಗಳು, ಅದೇ ಕೋಳಿ. ಮಾನ್ಯಾ ಕಲ್ಲಿನ ನೆಲದ ಮೇಲೆ ಕೂತುಬಿಟ್ಟಳು. ಅತ್ತೆ ಕದಲಲಿಲ್ಲ. ಪೊಟ್ಟಣ ಈಗ ಅವರ ಮುಷ್ಟಿಯಲ್ಲಿತ್ತು. ಮಗ ನೀರು ಬಿಟ್ಟರೆ ಮಾವ ಹೊರಟುಬಿಡುತ್ತಾರೆ. ಅದು ಅತ್ತೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ಅಮ್ಮ, ಹೊತ್ತಾಗುತ್ತೆ," ಎಂದ ಅಕ್ಷೋಭ್ಯ ಮೆಲ್ಲಗೆ.

"ಆಗ್ಲಿ ಬಿಡೋ. ಜೀವಮಾನವೆಲ್ಲ ಮುಂಚೆನೇ ಹೋದ್ರು," ಎಂದರು ಅತ್ತೆ, ಗಡಿಯಾರದಿಂದ ಕಣ್ಣು ತೆಗೆಯದೆ. "ಇವತ್ತೊಂದಿನ ತಡವಾಗಿ ಹೋಗ್ಲಿ."