ಕೆಂಪಿಗೆ ಕೊಟ್ಟ ಹತ್ತು ದಿನ

ಬೆಳಿಗ್ಗೆ ಆರೂವರೆಗೆ ಸಂಜೀವಯ್ಯ ಹಿತ್ತಿಲ ಬಾಗಿಲು ತೆರೆದಾಗ ಕೆಂಪಿ ಒಗೆಯುವ ಕಲ್ಲಿನ ಪಕ್ಕ ಬಿದ್ದಿದ್ದಳು. ಕರೆದರು. ಅವಳು ತಲೆ ಎತ್ತಲು ನೋಡಿದಳು. ತಲೆ ಎಡಕ್ಕೆ ವಾಲಿತು, ಅದರ ಹಿಂದೆಯೇ ಇಡೀ ಮೈ ಎಡಕ್ಕೆ ಉರುಳಿತು. ಹೇಗೋ ಎದ್ದು, ಎರಡು ಸುತ್ತು ಗಿರಕಿ ಹೊಡೆದು, ಗೋಡೆಗೆ ಹಣೆ ಬಡಿದುಕೊಂಡು ಮತ್ತೆ ಬಿದ್ದಳು. ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಇಳಿಯುತ್ತಿತ್ತು.

ಹದಿಮೂರು ವರ್ಷದ ನಾಯಿ. ಹಿಂದಿನ ರಾತ್ರಿ ಮುದ್ದೆ ಸಾರು ತಿಂದು, ತಟ್ಟೆ ನೆಕ್ಕಿ ಮಲಗಿದ್ದವಳು. ಗಂಟಲಲ್ಲಿ ಮೂಳೆ ಸಿಕ್ಕಿರಬೇಕು ಅಂದುಕೊಂಡ ಸಂಜೀವಯ್ಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ದವಡೆ ಅಗಲಿಸಿ, ಬಲಗೈ ಒಳಗೆ ಹಾಕಿ ತಡಕಿದರು. ಮೂಳೆ ಇರಲಿಲ್ಲ. ಕೆಂಪಿ ಗಾಬರಿಯಿಂದ ತಲೆ ಒದರಿದಳು. ನಲ್ಲಿಯ ಕೆಳಗೆ ಕೈ ತೊಳೆಯುವಾಗಲೇ ಅವರಿಗೆ ಕಂಡದ್ದು: ತೋರುಬೆರಳ ಬುಡದಲ್ಲಿ ಹಲ್ಲಿನ ಗೀರು, ತೆಳ್ಳಗೆ ರಕ್ತದ ಒಂದು ಗೆರೆ.

ಆಗ ಅವರಿಗೆ ಯಲ್ಲಪ್ಪ ನೆನಪಾದ.

ಸಂಜೀವಯ್ಯ ಪೋಸ್ಟ್‌ಮನ್. ಮೂವತ್ತೊಂದು ವರ್ಷದಿಂದ ಬನಶಂಕರಿ, ಜೆ.ಪಿ. ನಗರದ ಗೇಟುಗಳಲ್ಲಿ ಕಾಗದ ಹಂಚುತ್ತ ಬಂದವರು. ಒಮ್ಮೆ ನಾಯಿ ಕಚ್ಚಿ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ತೆಗೆದುಕೊಂಡದ್ದೂ ಇತ್ತು. ಯಲ್ಲಪ್ಪ ಅದೇ ಆಫೀಸಿನವನು. ಬೀದಿಯ ಮರಿಯೊಂದು ಅವನ ಹಿಮ್ಮಡಿ ಗೀರಿತ್ತು. ಮರಿ ತಾನೇ ಎಂದು ಸುಮ್ಮನಿದ್ದುಬಿಟ್ಟ. ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕಾಗದ ವಿಂಗಡಿಸುತ್ತಿದ್ದವನು ಫ್ಯಾನಿನ ಗಾಳಿ ಮುಖಕ್ಕೆ ಬಡಿದದ್ದೇ ಗಂಟಲು ಹಿಡಿದುಕೊಂಡು ಒದ್ದಾಡಿದ. ಮೂರನೆಯ ದಿನ ಸಂಜೀವಯ್ಯ ಅವನನ್ನು ಆಸ್ಪತ್ರೆಯ ಕಿಟಕಿಯ ಸರಳಿನಾಚೆಯಿಂದ ನೋಡಿದರು. ನೀರು, ನೀರು ಎಂದು ಕೇಳುತ್ತಿದ್ದ. ಲೋಟ ಹತ್ತಿರ ತಂದರೆ ಕಿರುಚುತ್ತಿದ್ದ.

ಕೆಂಪಿಗೆ ರೇಬಿಸ್ ಚುಚ್ಚುಮದ್ದು ಹಾಕಿಸಿ ಎರಡು ವರ್ಷದ ಮೇಲಾಗಿತ್ತು. ಈ ಭಾನುವಾರ, ಮುಂದಿನ ಭಾನುವಾರ ಎನ್ನುತ್ತ ಅವರೇ ಮುಂದೂಡಿದ್ದರು.

ಅವಳನ್ನು ಗೋಣಿಚೀಲದ ಮೇಲೆ ಎಳೆದು ಹಿತ್ತಿಲ ಬಚ್ಚಲಮನೆಗೆ ಸೇರಿಸಿ ಹೊರಗಿನಿಂದ ಚಿಲಕ ಹಾಕಿದರು. ಹೆಂಡತಿ ಮಾರಮ್ಮ ಬಕೆಟ್ ಹಿಡಿದು ಬಂದಳು.

"ಯಾಕ್ರೀ ಕೆಂಪಿನ ಒಳಗೆ ಹಾಕಿದ್ರಿ?"

"ನೀನು ಅತ್ಲಾಗ್ ಹೋಗು. ಮೈತ್ರಿನೂ ಬರ್ಬಾರ್ದು. ಇನ್ಮೇಲೆ ನಾನೊಬ್ನೇ ಅವ್ಳನ್ನ ಮುಟ್ಟೋದು."

ಮಾರಮ್ಮ ಅವರ ಬೆರಳನ್ನು ನೋಡಿದಳು. ಬಕೆಟ್ ಕೆಳಗಿಟ್ಟಳು.

ಮಗಳು ಮೈತ್ರಿ ಬನ್ನೇರುಘಟ್ಟ ರಸ್ತೆಯ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಪಶುವೈದ್ಯೆ ಕಮಲಾದೇವಿಯವರ ಪರಿಚಯ ಅವಳಿಗಿತ್ತು. ಟೆಲಿಫೋನ್ ಬೂತಿಗೆ ಓಡಿ ಫೋನ್ ಮಾಡಿದಳು. ಒಂಬತ್ತು ಗಂಟೆಗೆ ಡಾಕ್ಟರು ಕೈನೆಟಿಕ್ ಸ್ಕೂಟರಿನಲ್ಲಿ ಬಿಳೇಕಹಳ್ಳಿಯ ಇವರ ಗಲ್ಲಿಗೆ ಬಂದರು. ದಪ್ಪ ಗ್ಲೌಸ್ ಹಾಕಿಕೊಂಡು, ಬಾಗಿಲಲ್ಲೇ ನಿಂತು ಟಾರ್ಚ್ ಬಿಟ್ಟರು.

"ಕಣ್ಣು ನೋಡಿ," ಎಂದರು.

ಕೆಂಪಿಯ ಕಣ್ಣುಗುಡ್ಡೆಗಳು ಒಂದೇ ಸಮನೆ ಅತ್ತಿಂದಿತ್ತ ಜಗ್ಗುತ್ತಿದ್ದವು, ಓಡುವ ರೈಲಿನ ಕಿಟಕಿಯಲ್ಲಿ ಕೂತವರ ಕಣ್ಣಿನ ಹಾಗೆ.

"ವಯಸ್ಸಾದ ನಾಯಿಗಳಿಗೆ ಹೀಗಾಗತ್ತೆ. ಒಳಗಿವೀಲಿ ಬ್ಯಾಲೆನ್ಸ್ ಇರತ್ತಲ್ಲ, ಅದು ಇದ್ದಕ್ಕಿದ್ದ ಹಾಗೆ ತಪ್ಪಿಹೋಗತ್ತೆ. ಈಗ ಅವಳಿಗೆ ಇಡೀ ಮನೆ ಗಿರಗಿರ ತಿರುಗ್ತಾ ಇರತ್ತೆ. ಅದೇ ಆಗಿದ್ರೆ ಒಂದು ವಾರದೊಳಗೆ ಸುಧಾರಿಸ್ಕೊಳ್ತಾಳೆ."

"ಅದಲ್ದೆ ಇದ್ರೆ ಮೇಡಂ?"

"ಮಿದುಳಲ್ಲಿ ಏನಾದ್ರೂ ಆಗಿರ್ಬೋದು. ಇಲ್ಲಾ..." ಅವರು ಸಂಜೀವಯ್ಯನವರ ಬೆರಳಿನ ಕಡೆ ನೋಡಿದರು. "ರೇಬಿಸ್ ವ್ಯಾಕ್ಸಿನ್ ಯಾವಾಗ ಹಾಕ್ಸಿದ್ದು?"

ಸಂಜೀವಯ್ಯ ಹೇಳಿದರು. ಡಾಕ್ಟರು ಟಾರ್ಚ್ ಆರಿಸಿದರು.

"ಸುಳ್ಳು ಭರವಸೆ ಕೊಡಲ್ಲ ನಾನು. ನನಗೆ ಕಿವಿದು ಅಂತಲೇ ಅನ್ನಿಸ್ತಾ ಇದೆ. ಆದ್ರೆ ರೇಬಿಸ್ ಅಲ್ಲವೇ ಅಲ್ಲ ಅಂತ ಇವತ್ತು ಹೇಳಕ್ಕಾಗಲ್ಲ. ನೀವು ಈಗ್ಲೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿ, ಅದರಲ್ಲಿ ಎರಡು ಮಾತಿಲ್ಲ. ನಾಯಿ ವಿಷಯದಲ್ಲಿ ಎರಡು ದಾರಿ ಇದೆ. ಇವತ್ತೇ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಟ್ಟು ತಲೆ ಲ್ಯಾಬಿಗೆ ಕಳಿಸಿದ್ರೆ ಬೇಗ ಗೊತ್ತಾಗತ್ತೆ. ಇಲ್ಲಾ ಹತ್ತು ದಿನ ಕೂಡಿಹಾಕಿ ಕಾಯ್ಬೇಕು. ರೇಬಿಸ್ ಬಂದ ನಾಯಿ ಹತ್ತು ದಿನ ಉಳಿಯಲ್ಲ."

"ಮಲಗ್ಸಿಬಿಡಿ," ಎಂದಳು ಮಾರಮ್ಮ.

ಎಲ್ಲರೂ ತಿರುಗಿದರು. ಕೆಂಪಿಗೆ ದಿನವೂ ಕೈಯಾರೆ ಮುದ್ದೆ ಮುರಿದು ಹಾಕುತ್ತಿದ್ದವಳು ಅವಳೇ. ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿ ನಿಂತಿದ್ದಳು.

"ಇವ್ರಿಗೆ ಏನಾಗತ್ತೆ ಅಂತ ಬೇಗ ಗೊತ್ತಾಗ್ಲಿ. ಹತ್ತು ದಿನ ನನ್ ಕೈಲಿ ಆಗಲ್ಲ."

"ಅಮ್ಮಾ," ಎಂದಳು ಮೈತ್ರಿ.

ಸಂಜೀವಯ್ಯ ಬಚ್ಚಲ ಕತ್ತಲೆಯನ್ನು ನೋಡಿದರು. ಖಾಕಿ ಕಂಡರೆ ಊರ ನಾಯಿಗಳೆಲ್ಲ ಬೊಗಳಿ ಅಟ್ಟಿಸಿಕೊಂಡು ಬರುವಾಗ, ಇವಳೊಬ್ಬಳು ಶ್ರೀನಗರದ ತಿರುವಿನಿಂದ ಸೈಕಲ್ಲಿನ ಹಿಂದೆ ತಾನಾಗಿ ಬಂದ ಮರಿ.

"ಇಂಜೆಕ್ಷನ್ ತಗೊಂಡ್ರೆ, ಕಾಯೋದ್ರಿಂದ ನನಗೆ ಏನಾದ್ರೂ ಅಪಾಯ ಇದ್ಯಾ ಮೇಡಂ?"

"ಗ್ಲೌಸ್ ಇಲ್ದೆ ಮುಟ್ಟದೆ ಇದ್ರೆ ಇಲ್ಲ."

"ಹಾಗಾದ್ರೆ ಕಾಯ್ತೀನಿ."

ಮಾರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಮಧ್ಯಾಹ್ನ ಸರ್ಕಾರಿ ಆಸ್ಪತ್ರೆಯಲ್ಲಿ, ದಿನಕ್ಕೊಂದರಂತೆ ಹದಿನಾಲ್ಕರಲ್ಲಿ ಮೊದಲ ಇಂಜೆಕ್ಷನ್ ಹೊಟ್ಟೆಗೆ ಇಳಿಯಿತು. ಬರುವಷ್ಟರಲ್ಲಿ ಪಕ್ಕದ ಮನೆಯ ಆಟೋ ಡ್ರೈವರ್ ಸೀನು ಕಾಂಪೌಂಡಿನಾಚೆ ಕಾಯುತ್ತಿದ್ದ. ನಾಲ್ಕು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡಿದ್ದ.

"ಅಣ್ಣ, ನಾಯಿಗೆ ಹುಚ್ಚು ಹಿಡಿದಿದ್ಯಂತೆ?"

"ಗೊತ್ತಿಲ್ಲ ಸೀನು. ಕೂಡಿಹಾಕಿದೀನಿ. ಹತ್ತು ದಿನ ನೋಡಿ ಅಂದಿದ್ದಾರೆ ಡಾಕ್ಟ್ರು."

"ಏನ್ ಗುರೂ, ಹತ್ ದಿನ ಅಂತೀಯ? ಮಗು ಆಡೋದೇ ಇಲ್ಲಿ. ಬಾಗ್ಲು ಮುರ್ಕೊಂಡ್ ಬಂದ್ರೆ ಏನ್ ಮಾಡ್ಲಿ ನಾನು? ಮುನ್ಸಿಪಾಲ್ಟಿಯೋರ್ಗೆ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ."

ಅವನ ಮಾತಿನಲ್ಲಿ ತಪ್ಪು ಹುಡುಕಲು ಸಂಜೀವಯ್ಯನವರಿಂದ ಆಗಲಿಲ್ಲ.

ಎರಡನೆಯ ದಿನ ಸಂಜೀವಯ್ಯ ಕೆಲಸಕ್ಕೆ ರಜೆ ಹಾಕಿ, ನೀರಿನ ಬಟ್ಟಲು ಒಳಗೆ ಸರಿಸಿದರು. ಕೆಂಪಿ ಮೂಗು ಎತ್ತಿ, ಹೊಟ್ಟೆಯ ಮೇಲೆ ತೆವಳಿಕೊಂಡು ಬಂದಳು. ಬಾಯಿ ಬಟ್ಟಲಿಗೆ ಒಂದು ಗೇಣು ಎಡಕ್ಕೆ ಬಿತ್ತು. ಬರಿ ನೆಲ ನೆಕ್ಕಿದಳು. ಮತ್ತೆ ಪ್ರಯತ್ನಿಸಿದಳು. ಬಟ್ಟಲು ಮಗುಚಿಕೊಂಡಿತು. ರೇಬಿಸ್ ಬಂದರೂ ನಾಯಿಗೆ ನೀರು ಕಂಡರೆ ಭಯವಾಗುವುದಿಲ್ಲ, ಅದು ಮನುಷ್ಯರಿಗೆ. ನುಂಗುತ್ತಾಳೋ ಇಲ್ಲವೋ ಅದನ್ನು ಗಮನಿಸಿ ಎಂದಿದ್ದರು ಡಾಕ್ಟರು. ಮೈತ್ರಿ ಅಂಗಡಿಯಿಂದ ತಂದ ಎರಡೆರಡು ಜೊತೆ ಗ್ಲೌಸ್ ಹಾಕಿಕೊಂಡು, ಸೂಜಿ ತೆಗೆದ ಸಿರಿಂಜಿನಿಂದ ಸಂಜೀವಯ್ಯ ಕೆಂಪಿಯ ಕೆನ್ನೆಯ ಸಂದಿಗೆ ನೀರು ಬಿಟ್ಟರು. ಅಷ್ಟೂ ಹೊರಗೆ ಹರಿಯಿತು. ಇನ್ನೊಮ್ಮೆ ಬಿಟ್ಟರು. ಅದೂ ಹರಿಯಿತು.

ಆ ದಿನ ಅವರು ಗಂಟೆಗೊಂದು ಸಲ ಅಡುಗೆಮನೆಗೆ ಹೋಗಿ ತಾವೂ ಒಂದೊಂದು ಲೋಟ ನೀರು ಕುಡಿದರು. ಗುಟುಕು ಸರಿಯಾಗಿ ಇಳಿಯುತ್ತದೋ ಎಂದು ಕಿವಿಗೊಟ್ಟರು. ಗೀರಿ ಒಂದು ದಿನಕ್ಕೆಲ್ಲ ಏನೂ ಆಗುವುದಿಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಕುಡಿದರು. ಮಾರಮ್ಮ ಒಲೆಯ ಮುಂದೆ ಕೂತು ನೋಡುತ್ತಲೇ ಇದ್ದಳು.

ಮೂರನೆಯ ದಿನ ಕೆಂಪಿ ತೆವಳುವುದನ್ನೂ ಬಿಟ್ಟಳು. ಪಕ್ಕೆ ಏರಿಳಿಯುತ್ತಿತ್ತು, ಅಷ್ಟೇ. ಬಾಯಿ ಅರ್ಧ ತೆರೆದುಕೊಂಡಿತ್ತು. ಕೆಳದವಡೆ ಜೋತುಬಿದ್ದಿದೆಯೋ, ಸುಸ್ತಿಗೆ ಹಾಗೆ ಬಿಟ್ಟಿದ್ದಾಳೋ ಹೇಳುವುದು ಕಷ್ಟವಾಗಿತ್ತು. ದವಡೆ ಜೋತುಬೀಳುವುದು ಯಾವುದರ ಲಕ್ಷಣ ಎಂದು ಸಂಜೀವಯ್ಯನವರಿಗೆ ಗೊತ್ತಿತ್ತು. ಬೂತಿಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದರು.

"ಮಲಗಿರೋ ಹಾಗೇ ನೀರು ಹಾಕ್ತಿದೀರಾ?" ಎಂದರು ಕಮಲಾದೇವಿ. "ಎದೆ ಎತ್ತಿ ಕೂರಿಸ್ಕೊಳ್ಳಿ. ವಾಲಿರೋ ತಲೇನ ನೆಟ್ಟಗೆ ಹಿಡೀರಿ. ಅವಳಿಗೆ ಮೇಲ್ಯಾವುದು ಕೆಳಗ್ಯಾವುದು ಅಂತಲೇ ಗೊತ್ತಿಲ್ಲ ಈಗ. ಗ್ಲೌಸ್ ಮರೀಬೇಡಿ."

ಅವರು ಹಳೆಯ ರೇನ್‌ಕೋಟ್ ತೊಟ್ಟು, ಮುಖಕ್ಕೆ ಟವೆಲ್ ಕಟ್ಟಿಕೊಂಡು ಬಚ್ಚಲಿಗೆ ಇಳಿದರು. ಗೋಡೆಗೆ ಬೆನ್ನು ಕೊಟ್ಟು ಕೂತು, ಕೆಂಪಿಯನ್ನು ಎರಡು ಮೊಣಕಾಲುಗಳ ನಡುವೆ ಅವಚಿಕೊಂಡು, ಎಡಗೈಯಲ್ಲಿ ಅವಳ ತಲೆಯನ್ನು ನೆಟ್ಟಗೆ ಹಿಡಿದರು. ಸಿರಿಂಜು ಒತ್ತಿದರು. ನೀರು ಅಂಚಿನಲ್ಲಿ ತುಳುಕಿತು. ಗಂಟಲ ಮೇಲೆ ಹೆಬ್ಬೆರಳು ಇಟ್ಟು ಕಾದರು.

ಏನೂ ಇಲ್ಲ.

"ನುಂಗೇ," ಎಂದರು. "ನುಂಗೇ ತಾಯಿ, ಒಂದ್ ಸಲ."

ಹೆಬ್ಬೆರಳಿನ ಕೆಳಗೆ ಗಂಟಲು ಮೇಲೇರಿ ಇಳಿಯಿತು. ಅವರು ನಂಬಲಿಲ್ಲ. ಮತ್ತೆ ಒತ್ತಿದರು. ಮತ್ತೆ ಏರಿ ಇಳಿಯಿತು. ನಾಲ್ಕನೆಯ ಸಲ ಕೆಂಪಿ ನಾಲಿಗೆ ಹೊರಗೆ ಹಾಕಿ ಸಿರಿಂಜಿನ ತುದಿಯನ್ನು ನೆಕ್ಕಿದಳು.

"ಮಾರೀ," ಎಂದು ಕೂಗಿದರು, "ಗಂಜಿ ಮಾಡು. ತೆಳ್ಳಗೆ."

ಅರ್ಧ ಗಂಟೆಯಲ್ಲಿ ಬಚ್ಚಲ ಬಾಗಿಲ ಹೊರಗೆ ಗಂಜಿಯ ಪಾತ್ರೆ ಇತ್ತು. ಉಪ್ಪು ಹಾಕಿ, ಸೋಸಿ, ಆರಿಸಿದ ರಾಗಿ ಗಂಜಿ.

ನಾಲ್ಕನೆಯ ದಿನ ಹತ್ತು ಗಂಟೆಗೆ ವ್ಯಾನು ಬಂತು. ಸಂಜೀವಯ್ಯ ಆಸ್ಪತ್ರೆಯಿಂದ ಹೊಟ್ಟೆ ಹಿಡಿದುಕೊಂಡು ಗಲ್ಲಿಯ ತುದಿ ತಿರುಗುವಾಗಲೇ ಗೇಟಿನ ಮುಂದೆ ಜನ ಸೇರಿತ್ತು. ತಂತಿ ಕುಣಿಕೆ ಹಿಡಿದ ಇಬ್ಬರು, ಅವರ ಹಿಂದೆ ಸೀನು. ಗೇಟಿಗೆ ಅಡ್ಡವಾಗಿ, ಎರಡೂ ಕೈಯಲ್ಲಿ ಕಂಬಿ ಹಿಡಿದು ಮಾರಮ್ಮ ನಿಂತಿದ್ದಳು.

"ಅಕ್ಕ, ಕಂಪ್ಲೇಂಟ್ ಬಂದಿದೆ. ನಮ್ ಡ್ಯೂಟಿ ಮಾಡ್ಲಿಕ್ಕೆ ಬಿಡಿ," ಎನ್ನುತ್ತಿದ್ದ ಒಬ್ಬ.

"ನನ್ ಗಂಡನ್ ಜೀವ ಆ ನಾಯಿ ಮೇಲೆ ನಿಂತಿದೆ ಕಣಪ್ಪ. ಹತ್ತು ದಿನ ಅದು ಉಳಿದ್ರೆ ಇವ್ರಿಗೂ ಏನಿಲ್ಲ ಅಂತ ಗೊತ್ತಾಗೋದು. ನೀವು ಹಿಡ್ಕೊಂಡ್ ಹೋದ್ರೆ ನಾನ್ ಯಾರನ್ನ ಕೇಳ್ಲಿ? ಹೇಳಿ, ಯಾರನ್ನ ಕೇಳ್ಲಿ?" ಅವಳ ಧ್ವನಿ ಒಡೆಯಿತು, ಕೈ ಸಡಿಲಾಗಲಿಲ್ಲ. "ನೆನ್ನೆ ನೀರು ಕುಡ್ದಿದೆ ಅದು. ಬೆಳಿಗ್ಗೆ ಗಂಜಿ ಕುಡ್ದಿದೆ."

ಹತ್ತು ದಿನ ಕಾಯಬೇಕೆಂದು ಡಾಕ್ಟರು ಬರೆದುಕೊಟ್ಟಿದ್ದ ಚೀಟಿಯನ್ನು ಸಂಜೀವಯ್ಯ ತೋರಿಸಿದರು. ಅವರಲ್ಲಿ ಹಿರಿಯನಾದವನು ಅದನ್ನು ಎರಡು ಸಲ ಓದಿ, ಹಿತ್ತಿಲಿಗೆ ಹೋಗಿ ಚಿಲಕ ಎಳೆದು ನೋಡಿದ. ಇದಕ್ಕೊಂದು ಬೀಗ ಹಾಕಿ, ಹತ್ತು ದಿನ ಮುಗಿಯೋವರೆಗೂ ತೆಗೆದಾಗೆಲ್ಲ ನೀವೇ ಇರಬೇಕು ಎಂದ. ವ್ಯಾನು ಹಿಂದಕ್ಕೆ ಹೋಯಿತು. ಸೀನು ಆ ಸಂಜೆಯೇ ಹೆಂಡತಿ ಮಗಳನ್ನು ಕೋಣನಕುಂಟೆಯ ಅತ್ತೆಮನೆಗೆ ಬಿಟ್ಟು ಬಂದ. ಗಲ್ಲಿಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದ.

ಆಮೇಲಿನ ದಿನಗಳು ನಿಧಾನವಾಗಿ ಸರಿದವು. ಐದನೆಯ ದಿನ ಕಣ್ಣಿನ ಓಟ ಕಡಿಮೆಯಾಯಿತು. ಆರನೆಯ ದಿನ ಕೆಂಪಿ ಗೋಡೆಗೆ ಒರಗಿ, ನಾಲ್ಕೂ ಕಾಲು ಅಗಲಿಸಿ ನಿಂತಳು; ನಿಂತವಳಿಗೆ ಮುಂದೇನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತಿದ್ದಳು. ಏಳನೆಯ ದಿನ ಮಧ್ಯಾಹ್ನ ಒಳಗಿನಿಂದ ಒಂದು ಊಳು ಕೇಳಿಸಿತು. ಗೊಗ್ಗರು ದನಿ, ಅವಳದೇ ಅಲ್ಲವೇನೋ ಎಂಬಂಥದ್ದು. ಸಂಜೀವಯ್ಯನವರ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಹುಚ್ಚು ಹಿಡಿದ ನಾಯಿಯ ದನಿ ಒಡೆಯುತ್ತದೆ ಎಂದು ಅವರು ಕೇಳಿದ್ದರು. ಮಾರಮ್ಮ ಅವರ ಮುಖ ನೋಡಿದಳು. ಊಳು ಮತ್ತೆ ಬಂತು, ಇನ್ನೂ ಉದ್ದಕ್ಕೆ. ಸಂಜೀವಯ್ಯ ಎದ್ದು ಹೋಗಿ ಬೀಗ ತೆಗೆದರು.

ಕೆಂಪಿಯ ಮುಂಗಾಲು ನೀರು ಹೋಗುವ ತೂತಿನೊಳಗೆ ಸಿಕ್ಕಿಕೊಂಡಿತ್ತು. ಎಳೆಯಲು ಹೋಗಿ ಉಗುರು ಕಿತ್ತು ರಕ್ತ ಬರುತ್ತಿತ್ತು. ಅವರನ್ನು ಕಂಡದ್ದೇ ಊಳಿಡುವುದು ನಿಲ್ಲಿಸಿ, ಓರೆಯಾದ ತಲೆಯನ್ನು ಇನ್ನಷ್ಟು ಓರೆ ಮಾಡಿ, ಬಾಲವನ್ನು ನೆಲಕ್ಕೆ ಬಡಿದಳು. ಸಂಜೀವಯ್ಯ ಕಾಲು ಬಿಡಿಸಿ, ಅರಿಶಿನ ಹಚ್ಚಿ, ಬಾಗಿಲು ಹಾಕಿ ಹೊರಗೆ ಬಂದು ಒಗೆಯುವ ಕಲ್ಲಿನ ಮೇಲೆ ಕೂತರು. ಸ್ವಲ್ಪ ಹೊತ್ತು ಏಳಲಿಲ್ಲ.

ಹತ್ತನೆಯ ದಿನ ಕಮಲಾದೇವಿ ಬಂದರು. ಬಾಗಿಲು ತೆಗೆಸಿದರು. ಕೆಂಪಿ ಕುಡುಕರ ಹಾಗೆ ತೊಯ್ದಾಡುತ್ತ, ಎಡಕ್ಕೆ ಎಳೆದುಕೊಳ್ಳುತ್ತ, ಆದರೂ ತನ್ನ ಕಾಲ ಮೇಲೆ ಹಿತ್ತಿಲ ಬಿಸಿಲಿಗೆ ಬಂದಳು. ಡಾಕ್ಟರು ಬಾಯಿ, ಕಣ್ಣು, ಕಾಲು ಎಲ್ಲ ನೋಡಿ, ಗ್ಲೌಸ್ ಬಿಚ್ಚಿ ಬುಟ್ಟಿಗೆ ಹಾಕಿದರು. ಬರಿಗೈಯಲ್ಲಿ ಅವಳ ನೆತ್ತಿ ಸವರಿದರು.

"ರೇಬಿಸ್ ಅಲ್ಲ ಸಂಜೀವಯ್ಯನವರೇ. ತಲೆ ಸ್ವಲ್ಪ ಓರೆಯಾಗೇ ಉಳೀಬೋದು. ಉಳಿದ ನಾಲ್ಕು ಇಂಜೆಕ್ಷನ್ ಬಗ್ಗೆ ಆಸ್ಪತ್ರೇಲಿ ಕೇಳಿ, ಬೇಡ ಅಂತಾರೆ. ಇವಳಿಗೆ ಮಾತ್ರ ಮುಂದಿನ ವಾರ ವ್ಯಾಕ್ಸಿನ್ ಹಾಕೋದೇ."

ಮಾರಮ್ಮ ಇನ್ನೂ ದೂರದಲ್ಲೇ ನಿಂತಿದ್ದಳು. ಆಮೇಲೆ ಬಂದು ನೆಲದ ಮೇಲೆ ಕೂತಳು. ಕೆಂಪಿ ಅವಳ ಮಡಿಲನ್ನು ಗುರಿ ಇಟ್ಟು ಹೊರಟು, ಗುರಿ ತಪ್ಪಿ ಅವಳ ಮೊಣಕಾಲಾಚೆ ಬಿದ್ದಳು. ಮಾರಮ್ಮ ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು.

"ಮಲಗ್ಸಿಬಿಡಿ ಅಂದ್ಬಿಟ್ನಲ್ಲೇ ನಾನು," ಎಂದಳು. "ನನ್ ಬಾಯಲ್ಲಿ ಅದು ಹೆಂಗ್ ಬಂತೋ." ಅಳು ಬಂದು ಮುಂದಿನದು ಯಾರಿಗೂ ಕೇಳಿಸಲಿಲ್ಲ. ಮೈತ್ರಿ ಡಾಕ್ಟರಿಗೆ ಕಾಫಿ ತರುತ್ತೇನೆಂದು ಒಳಗೆ ಹೋಗಿ ಅಲ್ಲೇ ಉಳಿದಳು.

ಮಾರನೆಯ ಬೆಳಿಗ್ಗೆ ಸಂಜೀವಯ್ಯ ಯೂನಿಫಾರ್ಮ್ ತೊಟ್ಟು ಕೆಂಪಿಯನ್ನು ರಸ್ತೆಗೆ ಕರೆದುಕೊಂಡು ಹೋದರು. ಅವಳು ಎಡಕ್ಕೆ ಜರುಗುತ್ತಿದ್ದುದರಿಂದ ಅವರೇ ಎಡಗಡೆ ನಡೆದು, ಬೀಳಲು ಬಂದಾಗೆಲ್ಲ ಮೊಣಕಾಲು ಕೊಟ್ಟರು. ಸೀನು ಆಟೋ ಒರೆಸುತ್ತಿದ್ದವನು ಕೈ ನಿಲ್ಲಿಸಿ ನೋಡಿದ. ಗಾಡಿಯನ್ನು ಒಂದಿಷ್ಟು ಪಕ್ಕಕ್ಕೆ ತಳ್ಳಿ ದಾರಿ ಬಿಟ್ಟ. ಕಟ್ಟುತ್ತಿದ್ದ ಮನೆಯೊಂದರ ಮುಂದೆ ಮರಳಿನ ರಾಶಿ ಇತ್ತು. ಕೆಂಪಿ ಅದನ್ನು ಮೂಸಿ, ಎರಡು ಹೆಜ್ಜೆ ಹತ್ತಿ, ಬಿಸಿಲು ಬಿದ್ದ ಕಡೆ ಮೈ ಚೆಲ್ಲಿದಳು. ಎಬ್ಬಿಸಿದರೆ ಏಳಲಿಲ್ಲ. ಅವಳಿಗೆ ಸುಸ್ತಾಗಿತ್ತು, ಅವರಿಗೂ. ಆಫೀಸಿಗೆ ಹೊತ್ತಾಗುತ್ತಿತ್ತು. ಸಂಜೀವಯ್ಯ ಚಪ್ಪಲಿ ಬಿಟ್ಟು ಮರಳಿನ ಮೇಲೆ ಅವಳ ಪಕ್ಕದಲ್ಲಿ ಕೂತರು, ಅವಳಿಗೆ ಏಳಬೇಕು ಅನ್ನಿಸುವವರೆಗೆ.